ಆಕಾಶದ ಸವಾರಿ, ನೆಲದ ಲೆಕ್ಕ

2023ರ ಡಿಸೆಂಬರ್ ತಿಂಗಳಿನಲ್ಲಿ ಒಂದು ವಿಡಿಯೋ ತುಣುಕು ನಾಡಿನ ತುಂಬಾ ಹರಿದಾಡಿತು. ಖಾಸಗಿ ಜೆಟ್ ವಿಮಾನವೊಂದರ ಒಳಗಿನ ದೃಶ್ಯ ಅದು. ಅಗಲವಾದ ಆಸನಗಳು, ನಗುಮುಖಗಳು. ಒಂದು ಕಡೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಜೊತೆಗೆ ವಸತಿ ಹಾಗೂ ವಕ್ಫ್ ಸಚಿವ ಜಮೀರ್ ಅಹ್ಮದ್ ಖಾನ್ ಮತ್ತಿತರರು. ದೆಹಲಿ ಪ್ರವಾಸದ ಈ ದೃಶ್ಯವನ್ನು ಜನರ ಮುಂದಿಟ್ಟವರು ವಿರೋಧ ಪಕ್ಷದವರಲ್ಲ, ಕದ್ದು ಚಿತ್ರೀಕರಿಸಿದ ಪತ್ರಕರ್ತರೂ ಅಲ್ಲ. ಸ್ವತಃ ಸಚಿವರೇ ತಮ್ಮ ಖಾತೆಯಲ್ಲಿ ಸಂತೋಷದಿಂದ ಹಂಚಿಕೊಂಡಿದ್ದರು.

ಆ ಪ್ರವಾಸದ ಉದ್ದೇಶವಾದರೂ ಏನಿತ್ತು? ಬರ ಪರಿಹಾರ ಕೇಳುವುದು. ಆ ವರ್ಷ ಕರ್ನಾಟಕದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರವೇ ಘೋಷಿಸಿತ್ತು. ಕೇಂದ್ರದಿಂದ 18 ಸಾವಿರ ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ಕೇಳಲಾಗಿತ್ತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೇಂದ್ರ ಸರಕಾರ ತಿಂಗಳುಗಟ್ಟಲೆ ಸತಾಯಿಸಿದ್ದೂ, ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಗಿ ಬಂದದ್ದೂ, ಕೊನೆಗೆ 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಿಡುಗಡೆಯಾದದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಹಕ್ಕಿನ ಹಣ ಕೇಳಲು ಹೋದವರು ಹರಿದ ಬಟ್ಟೆ ತೊಟ್ಟು ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಬೆಳೆ ಒಣಗಿದ ರೈತನ ಹೆಸರಿನಲ್ಲಿ ಹೊರಟ ಪ್ರಯಾಣವನ್ನು ಮದುವೆ ದಿಬ್ಬಣದಂತೆ ಪ್ರದರ್ಶಿಸಬೇಕಾಗಿಯೂ ಇರಲಿಲ್ಲ.

ಬಿಜೆಪಿ ನಾಯಕರು ಸಹಜವಾಗಿಯೇ ಮುಗಿಬಿದ್ದರು. ಪತ್ರಕರ್ತರು ಪ್ರಶ್ನಿಸಿದಾಗ ಮುಖ್ಯಮಂತ್ರಿಗಳು, ನರೇಂದ್ರ ಮೋದಿಯವರು ಯಾವುದರಲ್ಲಿ ಓಡಾಡುತ್ತಾರೆಂದು ಮೊದಲು ಅವರನ್ನು ಕೇಳಿ ಎಂಬ ಧಾಟಿಯಲ್ಲಿ ಉತ್ತರಿಸಿದರು. ಅಲ್ಲಿಗೆ ಚರ್ಚೆ ಮುಗಿಯಿತು. ನಮ್ಮಲ್ಲಿ ಇಂಥ ಚರ್ಚೆಗಳೆಲ್ಲ ಮುಗಿಯುವುದೇ ಹೀಗೆ. ನಿನ್ನ ವಿಮಾನ ನನ್ನ ವಿಮಾನಕ್ಕಿಂತ ದೊಡ್ಡದು ಎಂಬಲ್ಲಿಗೆ ಎರಡೂ ಕಡೆಯವರಿಗೂ ಸಮಾಧಾನ. ವಿಮಾನಕ್ಕೆ ಇಂಧನ ತುಂಬಿಸಿದವನು ಮಾತ್ರ ಇಬ್ಬರನ್ನೂ ನೋಡುತ್ತಾ ಕೂರಬೇಕು.

ನಮ್ಮನ್ನು ಆ ದಿನ ಹೆಚ್ಚು ಕಾಡಿದ್ದು ಬೇರೊಂದು ವಿಷಯ. ನಮ್ಮ ಮೊಬೈಲಿಗೆ ಆ ವಿಡಿಯೋ ಕನಿಷ್ಠ ಏಳೆಂಟು ಕಡೆಯಿಂದ ಬಂತು. ಕಳಿಸಿದವರೆಲ್ಲ ನಮ್ಮವರೇ. ಕೆಳಗೆ ‘ಮಾಶಾ ಅಲ್ಲಾಹ್’ ಎಂಬ ಒಕ್ಕಣೆ. ಗ್ಯಾರೇಜ್ ಇಟ್ಟುಕೊಂಡಿರುವ ಪರಿಚಯದ ಯುವಕನೊಬ್ಬ ಸಿಕ್ಕಾಗ, “ನೋಡಿದಿರಾ ಭಾಯಿಜಾನ್, ನಮ್ಮವರೊಬ್ಬರು ಸಿಎಂ ಪಕ್ಕದಲ್ಲೇ ಕೂತು ಹೋಗ್ತಿದ್ದಾರೆ” ಎಂದ. ಅವನ ಕಣ್ಣಿನಲ್ಲಿ ಹೊಳಪಿತ್ತು. ಆ ಹೊಳಪನ್ನು ಲೇವಡಿ ಮಾಡುವಷ್ಟು ಒರಟುತನ ನಮಗಿಲ್ಲ. ಬಸ್ಸಿನ ವ್ಯವಹಾರದ ಮನೆತನದಿಂದ ಬಂದವರೊಬ್ಬರು ಜೆಟ್ಟಿನಲ್ಲಿ ಕೂತರೆ, ಜೀವಮಾನವಿಡೀ ಬಸ್ಸಿನ ಕೆಳಗೆ ಮಲಗಿ ನಟ್ಟು ತಿರುಗಿಸುವ ಹುಡುಗನಿಗೆ ತಾನೇ ಕೂತಷ್ಟು ಸಂತೋಷವಾಗುವುದು ಅಸಹಜವಲ್ಲ. ಅಧಿಕಾರದ ಹತ್ತಿರ ಸುಳಿಯಲೂ ಆಗದ ಸಮುದಾಯಕ್ಕೆ ಅಧಿಕಾರದ ಪಕ್ಕದ ಕುರ್ಚಿಯೇ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಕುರ್ಚಿಗೆ ಬಾಡಿಗೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಅವನಿಗೂ ಹೊಳೆಯಲಿಲ್ಲ, ಮಾಶಾ ಅಲ್ಲಾಹ್ ಎಂದು ಕಳಿಸಿದ ಮೌಲಾನಾ ಒಬ್ಬರಿಗೂ ಹೊಳೆಯಲಿಲ್ಲ. ಅದೇ ಜೆಟ್ಟಿನಲ್ಲಿ ಬೇರೆ ಪಕ್ಷದ ಸಚಿವರು ಕೂತಿದ್ದರೆ ನಾವೇ ಎಷ್ಟು ಬರೆಯುತ್ತಿದ್ದೆವು, ಎಷ್ಟು ಮಾತಾಡುತ್ತಿದ್ದೆವು!

ಹಾಗೆಂದು ಮುಖ್ಯಮಂತ್ರಿಗಳ ಮರುಪ್ರಶ್ನೆಯಲ್ಲಿ ಹುರುಳಿಲ್ಲವೆಂದೇನೂ ಅಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿ ಮತ್ತು ಪ್ರಧಾನಿಯ ಪ್ರಯಾಣಕ್ಕಾಗಿ ಎರಡು ಬೋಯಿಂಗ್ 777 ವಿಮಾನಗಳನ್ನು ಅಮೆರಿಕದಲ್ಲಿ ವಿಶೇಷವಾಗಿ ಸಜ್ಜುಗೊಳಿಸಿ ತರಿಸಲಾಯಿತು. ಮೊದಲನೆಯದು ದೆಹಲಿಯಲ್ಲಿ ಇಳಿದದ್ದು 2020ರ ಅಕ್ಟೋಬರ್‌ನಲ್ಲಿ. ಎರಡಕ್ಕೂ ಸೇರಿ ಸುಮಾರು 8,400 ಕೋಟಿ ರೂಪಾಯಿ ವೆಚ್ಚವಾಯಿತೆಂದು ಆಗ ವರದಿಯಾಯಿತು. ಕ್ಷಿಪಣಿಯಿಂದ ರಕ್ಷಿಸಿಕೊಳ್ಳುವ ವ್ಯವಸ್ಥೆ, ನಡುವೆ ಇಳಿಯದೆ ಅಮೆರಿಕ ತಲುಪುವ ಸಾಮರ್ಥ್ಯ ಎಲ್ಲವೂ ಅದರಲ್ಲಿದೆ. 2020 ಎಂದರೆ ಯಾವ ವರ್ಷವೆಂದು ನೆನಪಿಸಬೇಕಾಗಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಈ ದೇಶದ ಕೂಲಿಕಾರರು ತಲೆಯ ಮೇಲೆ ಗಂಟು ಹೊತ್ತು, ಕಂಕುಳಲ್ಲಿ ಮಗು ಎತ್ತಿಕೊಂಡು ನೂರಾರು ಮೈಲಿ ನಡೆದುಹೋದರು. ವಿಮಾನದ ಆರ್ಡರು ಅದಕ್ಕೂ ಮುಂಚಿನದು, ನಿಜ. ಆದರೆ ಎರಡು ದೃಶ್ಯಗಳು ಒಂದೇ ವರ್ಷದ ಪಂಚಾಂಗದಲ್ಲಿ ಬಂದು ಕೂತವು.

ದೇಶದ ಪ್ರಧಾನಿಗೆ ಸುರಕ್ಷಿತ ವಿಮಾನ ಬೇಡವೆಂದು ನಾವು ವಾದಿಸುವುದಿಲ್ಲ. ಇಬ್ಬರು ಪ್ರಧಾನಿಗಳನ್ನು (ಒಬ್ಬರು ಅಧಿಕಾರದಲ್ಲಿದ್ದಾಗ, ಒಬ್ಬರು ಅಧಿಕಾರ ಬಿಟ್ಟ ಮೇಲೆ) ಹತ್ಯೆಯಲ್ಲಿ ಕಳೆದುಕೊಂಡ ದೇಶ ಇದು. ಆದರೆ ಭದ್ರತೆಯ ಹೆಸರಿನಲ್ಲಿ ಕೊಟ್ಟ ಸೌಲಭ್ಯ ಎಲ್ಲಿ ಮುಗಿಯುತ್ತದೆ, ಪಕ್ಷದ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಬಹಳ ಮಸುಕು. 2019ರಲ್ಲಿ ಮಾಹಿತಿ ಹಕ್ಕಿನಡಿ ಹೊರಬಂದ ವಿವರವೊಂದನ್ನು ನೋಡಿ. 2014ರಿಂದ ಆ ವರ್ಷದ ಆರಂಭದವರೆಗೆ ಪ್ರಧಾನಿಯವರ ಅಧಿಕೃತವಲ್ಲದ 240 ಪ್ರಯಾಣಗಳಿಗೆ ವಾಯುಪಡೆಗೆ ಸಂದಾಯವಾದ ಮೊತ್ತ ಸುಮಾರು 1.4 ಕೋಟಿ ರೂಪಾಯಿ. ಒಡಿಶಾದೊಳಗಿನ ಒಂದು ಹೆಲಿಕಾಪ್ಟರ್ ಪ್ರಯಾಣಕ್ಕೆ ಕಟ್ಟಿದ್ದು 744 ರೂಪಾಯಿ! ಬೆಂಗಳೂರಿನಿಂದ ಮಂಗಳೂರಿಗೆ ಐರಾವತ ಬಸ್ಸಿನ ಟಿಕೆಟು ಈ ದುಡ್ಡಿಗೆ ಸಿಗಬಹುದೋ ಇಲ್ಲವೋ. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇರಲಿಲ್ಲ. ಎಂದೋ ನಿಗದಿಯಾದ ದರವನ್ನೇ ಕಟ್ಟಿದ್ದರು. ದರಪಟ್ಟಿಯನ್ನು ಪರಿಷ್ಕರಿಸಬೇಕೆಂದು ಯಾವ ಸರಕಾರಕ್ಕೂ ತೋಚಲಿಲ್ಲ ಅಷ್ಟೇ. ಬಸ್ ದರ ಪರಿಷ್ಕರಣೆ ಮಾತ್ರ ಯಾರಿಗೂ ಮರೆಯುವುದಿಲ್ಲ.

ಈಗ ನಮ್ಮ ಮನೆಯ ಕತೆಗೆ ಬರೋಣ. ಸರಕಾರದ ಖರ್ಚಿನಲ್ಲಿ ವಿಮಾನ ಹತ್ತುವವರು ಎಂಬ ಮಾತು ಈ ದೇಶದಲ್ಲಿ ಬಹುಕಾಲ ಮಂತ್ರಿಗಳಿಗೆ ಅಂಟಲಿಲ್ಲ, ಹಾಜಿಗಳಿಗೆ ಅಂಟಿತು. ಹಜ್ ಸಬ್ಸಿಡಿ ಎಂಬುದು ದಶಕಗಳ ಕಾಲ ನಮ್ಮ ಹಣೆಯ ಮೇಲಿನ ಹಚ್ಚೆಯಾಗಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ, ರೈಲಿನಲ್ಲಿ, ಚುನಾವಣಾ ಭಾಷಣದಲ್ಲಿ ಇದನ್ನು ಕೇಳಿಸಿಕೊಳ್ಳದ ಮುಸ್ಲಿಮನಿಲ್ಲ. ಜೀವನವಿಡೀ ಬೀಡಿ ಕಟ್ಟಿ, ಮಗಳ ಮದುವೆ ಮುಗಿಸಿ, ಉಳಿದ ದುಡ್ಡಿನ ಜೊತೆಗೆ ಕಿವಿಯ ಬಂಗಾರವನ್ನೂ ಸೇರಿಸಿ ಹಜ್‌ಗೆ ಹೊರಟ ಮುದುಕಿ ಕೂಡ ಪರರ ತೆರಿಗೆಯಲ್ಲಿ ಹಾರುವವಳು ಎನಿಸಿಕೊಂಡಳು. ಆ ಹಣ ಅವಳ ಕೈಗೆ ಎಂದೂ ಬರುತ್ತಿರಲಿಲ್ಲ. ಹಜ್ ಸಮಿತಿಯ ಮೂಲಕ ಹೋಗುವವರು ತಮಗೆ ಬೇಕಾದ ವಿಮಾನ ಹುಡುಕಿಕೊಳ್ಳುವಂತಿರಲಿಲ್ಲ. ಸರಕಾರ ಗೊತ್ತುಮಾಡಿದ ವಿಮಾನ, ಗೊತ್ತುಮಾಡಿದ ದರ. ಅದರಲ್ಲಿ ದೊಡ್ಡ ಪಾಲು ಏರ್ ಇಂಡಿಯಾದ್ದು. ಯಾತ್ರಿಕ ಕಟ್ಟಿದ್ದು ಹೋಗಿ ಉಳಿದ ವ್ಯತ್ಯಾಸವನ್ನು ಸರಕಾರ ತುಂಬಿಕೊಡುತ್ತಿತ್ತು. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿಕೊಂಡು, ಹೆಸರನ್ನು ಮಾತ್ರ ಹಾಜಿಯ ತಲೆಗೆ ಕಟ್ಟಿದರು. 2012–13ರಲ್ಲಿ ಈ ಮೊತ್ತ ಸುಮಾರು 836 ಕೋಟಿ ರೂಪಾಯಿ ಮುಟ್ಟಿತ್ತು.

ಇದನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. 2019ರ ನವೆಂಬರ್ ಅಂತ್ಯಕ್ಕೆ ಅತಿಗಣ್ಯರ ವಿಶೇಷ ವಿಮಾನಗಳ ಬಾಬ್ತು ಸರಕಾರ ಏರ್ ಇಂಡಿಯಾಕ್ಕೆ ಕೊಡಬೇಕಾಗಿದ್ದ ಬಾಕಿ 822 ಕೋಟಿ ರೂಪಾಯಿ. ಇದೂ ಮಾಹಿತಿ ಹಕ್ಕಿನಡಿಯೇ ಗೊತ್ತಾದದ್ದು. ಒಂದನ್ನು ಓಲೈಕೆ ಎಂದು ಕರೆದರು. ಇನ್ನೊಂದಕ್ಕೆ ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ ಹೆಸರೇ ಹುಟ್ಟಲಿಲ್ಲ. ಸಾಲದ ಹೊರೆಯಿಂದ ನೆಲ ಕಚ್ಚಿದ್ದ ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾದವರ ಪಾಲಾಯಿತು. ಅದು ಮುಳುಗಿದ್ದಕ್ಕೆ ಕಾರಣಗಳು ಹಲವಾರು, ಅತಿಗಣ್ಯರ ಬಾಕಿಯೊಂದೇ ಅಲ್ಲ. ಆದರೆ ಸ್ವಂತ ಅಂಗಡಿಯಲ್ಲಿ ಉದ್ದರಿ ಬರೆಸುವ ಯಜಮಾನನನ್ನು ಕಂಡರೆ ಗಲ್ಲಾದಲ್ಲಿ ಕೂತ ಗುಮಾಸ್ತನಿಗೆ ಏನನ್ನಿಸೀತು?

ಇಲ್ಲಿ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳಬೇಕಾಗಿದೆ. 2012ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ, ಹಜ್ ಸಬ್ಸಿಡಿಯನ್ನು ಹತ್ತು ವರ್ಷಗಳೊಳಗೆ ಹಂತಹಂತವಾಗಿ ನಿಲ್ಲಿಸಬೇಕೆಂದು ಹೇಳಿತು. ಹಜ್ ಕಡ್ಡಾಯವಾಗಿರುವುದು ಸಾಮರ್ಥ್ಯ ಉಳ್ಳವರಿಗೆ ಮಾತ್ರ ಎಂಬ ಕುರ್‌ಆನಿನ ವಿಧಿಯನ್ನೂ ತೀರ್ಪು ನೆನಪಿಸಿತು. ಸಬ್ಸಿಡಿ ಬೇಡ, ಆ ಹಣ ನಮ್ಮ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೊಡಿ ಎಂದು ನಮ್ಮಲ್ಲೇ ಹಲವರು ಅದಕ್ಕೂ ಮೊದಲಿನಿಂದ ಹೇಳುತ್ತಿದ್ದರು. 2018ರ ಜನವರಿಯಲ್ಲಿ ಸಬ್ಸಿಡಿ ಪೂರ್ತಿ ನಿಂತಿತು. ಇದೆಲ್ಲ ಎಲ್ಲರಿಗೂ ನೆನಪಿದೆ. ನೆನಪಿಲ್ಲದ ಭಾಗವೊಂದಿದೆ. ಅದೇ ತೀರ್ಪಿನಲ್ಲಿ ಕೋರ್ಟು, ಪ್ರಧಾನಿಯ ಹೆಸರಿನಲ್ಲಿ ಪ್ರತಿವರ್ಷ ಸೌದಿಗೆ ಹೋಗುತ್ತಿದ್ದ ‘ಸದ್ಭಾವನಾ ನಿಯೋಗ’ವನ್ನೂ ತರಾಟೆಗೆ ತೆಗೆದುಕೊಂಡು, ಅದು ಇಬ್ಬರನ್ನು ಮೀರಬಾರದೆಂದು ಕತ್ತರಿ ಹಾಕಿತ್ತು. ಅಲ್ಲಿಯತನಕ ಆ ನಿಯೋಗದಲ್ಲಿ ಹತ್ತಾರು ಮಂದಿ ಸರಕಾರದ ಖರ್ಚಿನಲ್ಲಿ ಹೋಗಿಬರುತ್ತಿದ್ದರು. ಯಾರವರು? ನಮ್ಮವರೇ! ಶಾಲು ಹೊದ್ದವರು, ಶೇರ್ವಾನಿ ತೊಟ್ಟವರು, ವೇದಿಕೆಯ ಮೇಲೆ ಸಮುದಾಯದ ಬಡತನಕ್ಕೆ ಕಣ್ಣೀರು ಹಾಕಿದವರು. ಅದಲ್ಲದೆ ಪೇಟೆಯ ದರ್ಜಿಯೋ ಹಳ್ಳಿಯ ಮುದುಕನೋ ವರ್ಷಗಟ್ಟಲೆ ಚೀಟಿ ಎತ್ತುವುದಕ್ಕೆ ಕಾಯುತ್ತಿದ್ದರೆ, ಶಿಫಾರಸ್ಸಿನ ಕೋಟಾದಲ್ಲಿ ಸಾವಿರಾರು ಸೀಟುಗಳು ಬೇರೆಯೇ ಇದ್ದವು. ಅದನ್ನೂ ಕೋರ್ಟು 300ಕ್ಕೆ ಇಳಿಸಿತು. ಅತಿಗಣ್ಯರ ಕೋಟಾ ರದ್ದಾಗಲು 2023 ಬರಬೇಕಾಯಿತು. ರದ್ದು ಮಾಡಿದ ಸರಕಾರದ ಬಗ್ಗೆ ನಮಗೆ ನೂರು ತಕರಾರುಗಳಿರಬಹುದು. ಈ ಒಂದು ಕೆಲಸಕ್ಕೆ ತಕರಾರಿಲ್ಲ. ದೇವರ ಮನೆಗೆ ಹೋಗುವ ಸಾಲಿನಲ್ಲೂ ಹಿಂಬಾಗಿಲು ಇಟ್ಟುಕೊಂಡವರು ಮಂತ್ರಿಯ ಜೆಟ್ ಕಂಡು ಮಾಶಾ ಅಲ್ಲಾಹ್ ಎನ್ನುವುದರಲ್ಲಿ ಆಶ್ಚರ್ಯವೇನಿದೆ?

ವಿಮಾನದ ಪರವಾಗಿ ಹೇಳುವವರ ವಾದವನ್ನೂ ಕೇಳಬೇಕು. ರಾಜ್ಯ ದೊಡ್ಡದು, ಬೀದರಿನಿಂದ ಚಾಮರಾಜನಗರಕ್ಕೆ ರಸ್ತೆಯಲ್ಲಿ ಹೋದರೆ ದಿನವೇ ಮುಗಿಯುತ್ತದೆ, ಮುಖ್ಯಮಂತ್ರಿಯ ಒಂದು ಗಂಟೆಗೆ ಬೆಲೆಯಿದೆ ಎನ್ನುತ್ತಾರೆ. ಒಪ್ಪೋಣ. ಮಾಮೂಲಿ ವಿಮಾನದಲ್ಲಿ ಹೋದರೆ ಸಹಪ್ರಯಾಣಿಕರಿಗೇ ತೊಂದರೆ, ತಪಾಸಣೆ, ಗದ್ದಲ ಎನ್ನುತ್ತಾರೆ. ಅದೂ ನಿಜವೇ. ಆದರೆ ಸುರಕ್ಷತೆಯ ಮಾತಿಗೆ ಬಂದರೆ ನಮ್ಮ ದೇಶದ ಅನುಭವ ತಿರುಗುಮುರುಗು. ಮಾಧವರಾವ್ ಸಿಂಧಿಯಾ 2001ರಲ್ಲಿ ತೀರಿಹೋದದ್ದು ಸಣ್ಣ ವಿಮಾನದಲ್ಲಿ. ಲೋಕಸಭೆಯ ಸ್ಪೀಕರ್ ಬಾಲಯೋಗಿ 2002ರಲ್ಲಿ, ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ 2009ರಲ್ಲಿ, ಅರುಣಾಚಲದ ದೋರ್ಜಿ ಖಂಡು 2011ರಲ್ಲಿ ಹೋದದ್ದು ಹೆಲಿಕಾಪ್ಟರಿನಲ್ಲಿ. ನಮ್ಮ ನಟಿ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ನೆಲಕ್ಕೆ ಬಿತ್ತು. ಅವಸರ, ಹವಾಮಾನ, ‘ಸಾಹೇಬರು ಹೋಗಲೇಬೇಕು’ ಎಂಬ ಒತ್ತಾಯ ಇವುಗಳ ಮುಂದೆ ಪೈಲಟ್ ‘ಆಗುವುದಿಲ್ಲ’ ಎನ್ನುವುದು ಎಷ್ಟು ಕಷ್ಟವೆಂದು ಊಹಿಸಬಹುದು. ದೊಡ್ಡ ವಿಮಾನಗಳೂ ಬೀಳುತ್ತವೆ. ಗುಜರಾತಿನ ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾನಿ 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ಸಾಮಾನ್ಯ ಪ್ರಯಾಣಿಕರ ಜೊತೆಗೇ ಪ್ರಾಣ ಕಳೆದುಕೊಂಡರು. ಇದೇ ರೂಪಾನಿಯವರು ಮುಖ್ಯಮಂತ್ರಿಯಾಗಿದ್ದಾಗ, 2019ರಲ್ಲಿ, ಗುಜರಾತ್ ಸರಕಾರ 191 ಕೋಟಿ ರೂಪಾಯಿಗೆ ಬೊಂಬಾರ್ಡಿಯರ್ ಜೆಟ್ ಕೊಂಡಿತ್ತು. ವಿಧಿಯ ಲೆಕ್ಕ ಯಾರಿಗೂ ತಿಳಿಯುವುದಿಲ್ಲ.

ಕರ್ನಾಟಕ ಗುಜರಾತಿನ ಹಾದಿ ಹಿಡಿಯದೆ ಬಾಡಿಗೆಗೆ ಪಡೆಯುತ್ತಾ ಬಂದಿದೆ. ಎಷ್ಟಾಗುತ್ತದೆ ಬಾಡಿಗೆ? 2025ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಬಿಜೆಪಿ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರದ ಪ್ರಕಾರ, ಸಿದ್ದರಾಮಯ್ಯನವರು 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಮೇಲೆ ಎರಡೂವರೆ ವರ್ಷಗಳಲ್ಲಿ ಮುಖ್ಯಮಂತ್ರಿಯ ವಿಶೇಷ ವಿಮಾನ ಮತ್ತು ಹೆಲಿಕಾಪ್ಟರುಗಳಿಗೆ ಆದ ಖರ್ಚು 47 ಕೋಟಿ ರೂಪಾಯಿಗೂ ಹೆಚ್ಚು. ಲಕ್ಷಾಂತರ ಕೋಟಿಯ ಬಜೆಟ್ಟಿನಲ್ಲಿ ಇದು ಚಿಟಿಕೆ ಉಪ್ಪು ಎನ್ನುವವರಿದ್ದಾರೆ. ಉಪ್ಪಿನ ಪ್ರಮಾಣ ನಮ್ಮ ತಕರಾರಲ್ಲ. ಪ್ರಶ್ನೆ ಕೇಳಿದಾಗ ಮಾತ್ರ ಉತ್ತರ ಸಿಗುತ್ತದೆ ಎಂಬುದು ತಕರಾರು. ಯಾವ ದಿನ, ಯಾವ ಊರಿಗೆ, ಯಾವ ಕೆಲಸಕ್ಕೆ, ಯಾರ್‍ಯಾರು ಹತ್ತಿದರು, ಬಿಲ್ಲು ಎಷ್ಟು ಎಂದು ತಿಂಗಳಿಗೊಮ್ಮೆ ಪ್ರಕಟಿಸುವುದಕ್ಕೆ ಸರಕಾರಕ್ಕೆ ಇರುವ ಅಡ್ಡಿಯಾದರೂ ಏನು? ಸರಕಾರಿ ಕಚೇರಿಯ ಜೀಪಿಗೆ ಲಾಗ್ ಪುಸ್ತಕವಿದೆ. ಚಾಲಕ ಕಿಲೋಮೀಟರ್ ಬರೆಯಬೇಕು, ಸಾಹೇಬರು ಸಹಿ ಹಾಕಬೇಕು. ಸಾಹೇಬರು ಮಗಳನ್ನು ಕಾಲೇಜಿಗೆ ಬಿಟ್ಟು ಬಂದದ್ದನ್ನು ‘ಕ್ಷೇತ್ರ ಪರಿಶೀಲನೆ’ ಎಂದು ಬರೆಯುತ್ತಾರೆಂಬುದು ಬೇರೆ ಮಾತು. ಸುಳ್ಳಾದರೂ ಸರಿ, ಬರೆಯಲೇಬೇಕಾದ ಭಯವೊಂದಿದೆ. ನೆಲದ ಮೇಲಿನ ಜೀಪಿಗೆ ಇರುವ ಆ ಭಯ ಆಕಾಶಕ್ಕೆ ಏರಿದ ಕೂಡಲೇ ಕರಗಿಹೋಗುತ್ತದೆ.

ವಿಮಾನದ ಮಾತು ಬಂದಾಗಲೆಲ್ಲ ನಮಗೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾಗುತ್ತಾರೆ. 1997ರಲ್ಲಿ ಡೆಕ್ಕನ್ ಏವಿಯೇಶನ್ ಎಂಬ ಹೆಲಿಕಾಪ್ಟರ್ ಕಂಪನಿ ಕಟ್ಟಿದಾಗ, ಅದರ ಗಿರಾಕಿಗಳಲ್ಲಿ ಚುನಾವಣೆಗೆ ಓಡಾಡುವ ರಾಜಕಾರಣಿಗಳೂ ಇದ್ದರು. ಅದೇ ಮನುಷ್ಯ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಬೆಂಗಳೂರು–ಹುಬ್ಬಳ್ಳಿಯ ನಡುವೆ ಸಾಮಾನ್ಯರನ್ನು ಹಾರಿಸಿದರು. ಕಂಪನಿ ಉಳಿಯಲಿಲ್ಲ. ಆದರೆ ಗೌಂಡಿ ಕೆಲಸದವನೂ ಕಿಟಕಿಯ ಪಕ್ಕ ಕೂತು ಮೋಡ ನೋಡಬಹುದೆಂಬ ಕನಸು ಉಳಿಯಿತು. ಜನಸಾಮಾನ್ಯ ವಿಮಾನ ಹತ್ತಲು ಶುರುಮಾಡಿದ ಮೇಲೆ ದೊಡ್ಡವರಿಗೆ ಆ ವಿಮಾನ ಸಾಲದಾಯಿತೋ ಏನೋ. 2009ರಲ್ಲಿ ವಿದೇಶಾಂಗ ಖಾತೆಯ ರಾಜ್ಯ ಸಚಿವರೊಬ್ಬರು ವಿಮಾನದ ಅಗ್ಗದ ದರ್ಜೆಯನ್ನು ದನಗಳ ದರ್ಜೆ ಎಂಬ ಮಾತಿನಲ್ಲಿ ಹಾಸ್ಯ ಮಾಡಿ ಪೇಚಿಗೆ ಸಿಕ್ಕಿದ್ದು ಆಗಲೇ. ಆ ವರ್ಷ ಯುಪಿಎ ಸರಕಾರ ಮಿತವ್ಯಯದ ಮಂತ್ರ ಜಪಿಸುತ್ತಿತ್ತು. ನಮ್ಮ ಎಸ್.ಎಂ. ಕೃಷ್ಣ ಅವರೂ ಐಷಾರಾಮಿ ಹೋಟೆಲಿನ ಕೋಣೆ ಖಾಲಿ ಮಾಡಬೇಕಾಯಿತು. ಸೋನಿಯಾ ಗಾಂಧಿ ಅಗ್ಗದ ದರ್ಜೆಯಲ್ಲಿ ಮುಂಬೈಗೆ ಹೋದರು, ರಾಹುಲ್ ಗಾಂಧಿ ಶತಾಬ್ದಿ ರೈಲು ಹತ್ತಿದರು. ಪತ್ರಿಕೆಗಳಲ್ಲಿ ಫೋಟೋ ಬಂತು. ಮುಂದಿನ ವರ್ಷವೇ ಅದೇ ಸರಕಾರ ಅತಿಗಣ್ಯರಿಗಾಗಿ 12 ಆಗಸ್ಟಾ ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರುಗಳಿಗೆ ಸುಮಾರು 3,600 ಕೋಟಿಯ ಒಪ್ಪಂದ ಮಾಡಿಕೊಂಡಿತು. ಲಂಚದ ಆರೋಪ ಎದ್ದು 2014ರ ಮೊದಲ ದಿನ ಅದು ರದ್ದಾಯಿತು.

ಹಾಗಾದರೆ ಇದ್ದ ವಿಮಾನವನ್ನು ಮಾರಿಬಿಟ್ಟರೆ ಪುಣ್ಯ ಬರುತ್ತದೆಯೇ? ಮೆಕ್ಸಿಕೋದ ಕತೆ ಸ್ವಾರಸ್ಯಕರವಾಗಿದೆ. ಅಲ್ಲಿ 2012ರಲ್ಲಿ ಅಧ್ಯಕ್ಷರಿಗೆಂದು ಬೋಯಿಂಗ್ 787 ವಿಮಾನವನ್ನು ಸುಮಾರು 21.8 ಕೋಟಿ ಡಾಲರಿಗೆ ಕೊಂಡರು. 2018ರಲ್ಲಿ ಅಧಿಕಾರಕ್ಕೆ ಬಂದ ಲೋಪೆಸ್ ಒಬ್ರಡಾರ್, ಬಡವರಿರುವ ದೇಶದಲ್ಲಿ ಇಂಥದ್ದರಲ್ಲಿ ಕಾಲಿಡಲು ನಾಚಿಕೆಯಾಗುತ್ತದೆ ಎಂಬ ನಿಲುವು ತಳೆದು ಮಾಮೂಲಿ ವಿಮಾನದಲ್ಲಿ, ಸಾಮಾನ್ಯ ದರ್ಜೆಯಲ್ಲಿ ಓಡಾಡಿದರು. ವಿಮಾನ ಮಾರಾಟಕ್ಕಿಟ್ಟರೆ ಕೊಳ್ಳುವವರೇ ಇಲ್ಲ! ಮಲಗುವ ಕೋಣೆ, ಸ್ನಾನದ ಮನೆ ಇರುವ ವಿಮಾನವನ್ನು ಯಾವ ಕಂಪನಿ ತಾನೇ ಕೊಂಡೀತು? ಅದು ಕ್ಯಾಲಿಫೋರ್ನಿಯಾದಲ್ಲಿ ನಿಂತಲ್ಲೇ ಖರ್ಚು ತಿನ್ನುತ್ತಿತ್ತು. 2020ರಲ್ಲಿ ಅದರ ಹೆಸರಿನಲ್ಲಿ ಲಾಟರಿಯನ್ನೂ ಎತ್ತಿದರು. ಬಹುಮಾನ ಹಣ, ವಿಮಾನವಲ್ಲ. ಕೊನೆಗೆ 2023ರಲ್ಲಿ ತಜಿಕಿಸ್ತಾನದ ಸರಕಾರ ಸುಮಾರು 9.2 ಕೋಟಿ ಡಾಲರಿಗೆ ಕೊಂಡಿತು. ಅರ್ಧಕ್ಕಿಂತಲೂ ಕಡಿಮೆ. ಆ ಹಣದಲ್ಲಿ ಬಡ ಪ್ರಾಂತಗಳಲ್ಲಿ ಎರಡು ಆಸ್ಪತ್ರೆ ಕಟ್ಟುವುದಾಗಿ ಒಬ್ರಡಾರ್ ಹೇಳಿದರು. ಐದು ವರ್ಷ ಇದನ್ನೇ ಮಾತಾಡಿ ಅವರು ಗಳಿಸಿದ ಜನಪ್ರಿಯತೆಗೆ ವಿಮಾನದಷ್ಟೇ ಬೆಲೆಯಿತ್ತು ಎಂದು ಕುಹಕವಾಡುವವರಿದ್ದರು. ಇರಬಹುದು. ನಮಗೆ ಕಂಡದ್ದು ಇನ್ನೊಂದು: ಕೊಳ್ಳುವಾಗ ಒಂದು ಸಹಿ ಸಾಕು, ಬಿಡಿಸಿಕೊಳ್ಳಲು ಐದು ವರ್ಷ ಬೇಕು.

ಆ ಎರಡು ದೇಶಗಳನ್ನು ಬಿಡಿ. ನಾವು ಕಿಬ್ಲಾ ಎಂದು ಮುಖ ಮಾಡುವ ದಿಕ್ಕಿನಲ್ಲಿ ಏನು ನಡೆಯುತ್ತಿದೆ? 2025ರ ಮಾರ್ಚ್ 2ರಿಂದ ಗಾಝಾಕ್ಕೆ ಹಿಟ್ಟು, ನೀರು, ಔಷಧಿ ಯಾವುದೂ ಹೋಗದಂತೆ ಇಸ್ರೇಲ್ ಸುಮಾರು ಹನ್ನೊಂದು ವಾರ ದಾರಿ ಮುಚ್ಚಿತ್ತು. ಅದೇ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಕೊಲ್ಲಿ ರಾಷ್ಟ್ರಗಳ ಪ್ರವಾಸಕ್ಕೆ ಬಂದರು. ಕತಾರಿನ ರಾಜಮನೆತನದ ಬೋಯಿಂಗ್ 747 ವಿಮಾನ, ಬೆಲೆ ಸುಮಾರು 40 ಕೋಟಿ ಡಾಲರ್ ಎಂದು ಅಂದಾಜಿಸಲಾದದ್ದು, ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. ಅಧ್ಯಕ್ಷರ ಬಳಕೆಗೆಂದು ಅಮೆರಿಕದ ರಕ್ಷಣಾ ಇಲಾಖೆ ಅದನ್ನು ಸ್ವೀಕರಿಸಿತು. ಆ ಹಣ ಕತಾರಿನ ತೈಲ, ಅನಿಲದ್ದು. ನೆಲದಡಿಯ ಆ ಸಂಪತ್ತು ಯಾರ ಸ್ವಂತದ್ದು ಎಂಬ ಪ್ರಶ್ನೆಯನ್ನು ಕೇಳುವ ವಿಧಾನ ಪರಿಷತ್ತು ಅಲ್ಲಿಲ್ಲ. ಸಂಧಾನಕ್ಕೆ ಕತಾರ್ ಪಟ್ಟ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಉಡುಗೊರೆಯ ವಾರ್ತೆ ಓದಿದ ದಿನ ನಮ್ಮ ಮಸೀದಿಯಲ್ಲಿ ಫೆಲಸ್ತೀನಿಗಾಗಿ ದುಆ ನಡೆಯುತ್ತಿತ್ತು. ಇಮಾಮರ ಕಂಠ ಬಿಗಿದುಬಂದಿತ್ತು. ವಿಮಾನದ ವಿಷಯ ಅವರು ಎತ್ತಲಿಲ್ಲ.

ಜುಮಾ ಖುತ್ಬಾಗಳಲ್ಲಿ ಎರಡು ಕತೆಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಒಂದು, ಖಲೀಫಾ ಉಮರ್(ರ) ಜೆರುಸಲೇಮಿಗೆ ಹೋದದ್ದು. ಇದ್ದದ್ದು ಒಂದೇ ಸವಾರಿ. ಸ್ವಲ್ಪ ದೂರ ಖಲೀಫಾ, ಸ್ವಲ್ಪ ದೂರ ಸೇವಕ. ನಗರ ಹತ್ತಿರವಾದಾಗ ಸರದಿ ಸೇವಕನದಾಗಿತ್ತು, ಖಲೀಫಾ ಹಗ್ಗ ಹಿಡಿದು ನಡೆದರು. ಇನ್ನೊಂದು, ಉಮರ್ ಬಿನ್ ಅಬ್ದುಲ್ ಅಝೀಝ್ ಅವರು ಸ್ವಂತ ಮಾತು ಶುರುವಾದ ಕೂಡಲೇ ಬೈತುಲ್ ಮಾಲ್‌ನ ದೀಪ ಆರಿಸಿದ್ದು. ಮದ್ರಸಾದ ಪರೀಕ್ಷೆಯಲ್ಲಿ ಇವಕ್ಕೆ ನಾವು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಈ ಕತೆಗಳನ್ನು ಹೇಳುವಾಗ ನಮ್ಮ ಉಸ್ತಾದರುಗಳು ಒಂದನ್ನು ಬಿಟ್ಟುಬಿಡುತ್ತಾರೆ. ಅದೇ ಉಮರ್(ರ) ಅವರನ್ನು, ನಿಮ್ಮ ಮೈಮೇಲಿನ ಬಟ್ಟೆಗೆ ಹಂಚಿಕೆಯ ಪಾಲಿಗಿಂತ ಹೆಚ್ಚು ಬಟ್ಟೆ ಎಲ್ಲಿಂದ ಬಂತು ಎಂದು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳಿದವನೂ ಆ ಪರಂಪರೆಯ ಕತೆಗಳಲ್ಲೇ ಇದ್ದಾನೆ. ಮಗ ತನ್ನ ಪಾಲನ್ನು ಕೊಟ್ಟದ್ದೆಂದು ಸಾಬೀತಾದ ಮೇಲೆಯೇ ಖುತ್ಬಾ ಮುಂದುವರಿಯಿತಂತೆ. ನಾವು ಖಲೀಫರ ಸರಳತೆಯನ್ನು ಹೊಗಳಿದಷ್ಟು ಆ ಪ್ರಶ್ನೆ ಕೇಳಿದವನನ್ನು ಹೊಗಳುವುದಿಲ್ಲ. ಅವನನ್ನು ಹೊಗಳಿದರೆ ನಾಳೆ ಜಮಾಅತಿನ ಲೆಕ್ಕಪತ್ರವನ್ನೂ ಯಾರಾದರೂ ಕೇಳಿಯಾರು! ವಕ್ಫ್ ಆಸ್ತಿಯ ಬಾಡಿಗೆಯಲ್ಲಿ ಕಾರು ಓಡಿಸುವ ಮುತವಲ್ಲಿಗಳು ಊರೂರಿಗೆ ಇದ್ದಾರೆ. ಕನ್ನಡದಲ್ಲಿ ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತಾರೆ. ಉರ್ದುವಿನಲ್ಲಿ ಮಾಲೆ ಮುಫ್ತ್, ದಿಲೆ ಬೇರಹಮ್. ಎರಡೂ ಭಾಷೆಗಳಲ್ಲಿ ಓದಿದ ನಮಗೆ ಎರಡರಲ್ಲೂ ಒಂದೇ ಮುಖ ಕಾಣುತ್ತದೆ.

ಕತೆ ಬರೆಯುವ ಅಭ್ಯಾಸದಿಂದಲೋ ಏನೋ, ಪತ್ರಿಕೆಗಳ ಪದಗಳು ನಮ್ಮನ್ನು ಚುಚ್ಚುತ್ತವೆ. ‘ವೈಮಾನಿಕ ಸಮೀಕ್ಷೆ’ ಎಂಬ ಪದವನ್ನೇ ನೋಡಿ. 2009ರ ಅಕ್ಟೋಬರ್ ನೆರೆಯಲ್ಲಿ, ಮತ್ತೆ 2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕರ್ನಾಟಕದ ಊರುಗಳು ಮುಳುಗಿದಾಗ ನಾಯಕರು ಬಂದರು, ವೈಮಾನಿಕ ಸಮೀಕ್ಷೆ ನಡೆಸಿದರು, ಹೋದರು. ನೀರಿನಲ್ಲಿ ಸಿಕ್ಕಿಕೊಂಡವರನ್ನು ಎತ್ತಿಕೊಂಡು ಬಂದ ಹೆಲಿಕಾಪ್ಟರುಗಳಿಗೆ ನಮ್ಮ ಸಲಾಮು. ಅದಕ್ಕೆ ಎಷ್ಟು ಖರ್ಚಾದರೂ ಆಗಲಿ. ಆದರೆ ಮೇಲಿನಿಂದ ನೋಡುವವನಿಗೆ ಕಾಣುವುದೇನು? ನೀರು ಮಾತ್ರ. ಬಿದ್ದ ಗೋಡೆಯ ಒಳಗಡೆ ನೆನೆದು ಮೊಳಕೆಯೊಡೆದ ಜೋಳದ ಚೀಲ, ತೇಲಿಹೋದ ರೇಶನ್ ಕಾರ್ಡು, ಕಟ್ಟಿದಲ್ಲೇ ಸತ್ತ ಎಮ್ಮೆ ಅಷ್ಟು ಎತ್ತರದಿಂದ ಕಾಣುವುದಿಲ್ಲ.

ನಮ್ಮ ಊರಿಗೂ ಒಮ್ಮೆ ಹೆಲಿಕಾಪ್ಟರ್ ಬಂದಿತ್ತು. ಅದು ಬರದ ವರ್ಷ. ಊರಿಗೆ ನಲ್ಲಿ ನೀರು ಒಂಬತ್ತು ದಿನಕ್ಕೊಮ್ಮೆ. ಸಭೆಯೊಂದಕ್ಕೆ ಬರುವ ದೊಡ್ಡವರಿಗಾಗಿ ಉರ್ದು ಶಾಲೆಯ ಮೈದಾನವನ್ನು ಹೆಲಿಪ್ಯಾಡ್ ಮಾಡಲು ಆರಿಸಿದರು. ಗೋಲ್ ಕಂಬಗಳನ್ನು ಕಿತ್ತರು, ಹೊಂಗೆ ಮರದ ಎರಡು ದೊಡ್ಡ ಕೊಂಬೆಗಳನ್ನು ಕಡಿದರು. ರೋಲರ್ ಬಂತು. ಸುಣ್ಣದಲ್ಲಿ ದುಂಡಗೆ ಗೆರೆ ಎಳೆದು ನಡುವೆ ಇಂಗ್ಲಿಷಿನ ದೊಡ್ಡ ಅಕ್ಷರ ಬರೆದರು. ಧೂಳು ಏಳಬಾರದೆಂದು ಎರಡು ದಿನ ಟ್ಯಾಂಕರಿನಲ್ಲಿ ನೀರು ತಂದು ಮೈದಾನಕ್ಕೆ ಹೊಡೆದರು. ಮೊದಲನೆಯ ಟ್ಯಾಂಕರ್ ಬಂದ ಸುದ್ದಿ ಕೇಳಿ ಗಲ್ಲಿಯ ಹೆಂಗಸರು ಕೊಡ ಹಿಡಿದು ಓಡಿ ಬಂದಿದ್ದರು. ಪೊಲೀಸರು ವಾಪಸ್ಸು ಕಳಿಸಿದರು. ಅವರೂ ಬಯ್ಯಲಿಲ್ಲ, “ಅಮ್ಮಾ, ಇದು ಕುಡಿಯೋ ನೀರಲ್ಲ” ಎಂದು ಸುಳ್ಳು ಹೇಳಿದರು. ಜಿಲ್ಲೆಯ ಆಂಬುಲೆನ್ಸೊಂದು, ಅಗ್ನಿಶಾಮಕದ ಗಾಡಿಯೊಂದು ಬೆಳಿಗ್ಗೆಯಿಂದ ಸಂಜೆಯತನಕ ಮೈದಾನದ ಮೂಲೆಯಲ್ಲಿ ನಿಂತಿದ್ದವು. ಮಕ್ಕಳಿಗೆ ಮೂರು ದಿನ ರಜೆ. ಹೆಲಿಕಾಪ್ಟರ್ ಇಳಿದದ್ದು, ಮತ್ತೆ ಏರಿದ್ದು ಸೇರಿ ನೆಲದ ಮೇಲೆ ಇದ್ದದ್ದು ಐವತ್ತು ನಿಮಿಷ. ಮಕ್ಕಳು ಕಾಂಪೌಂಡಿನ ಮೇಲೆ ಹತ್ತಿ ಕೈ ಬೀಸಿದರು. ನಾವೂ ಅವರ ಹಿಂದೆ ನಿಂತು ನೋಡಿದೆವು. ಸುಳ್ಳೇಕೆ ಹೇಳಬೇಕು, ರೆಕ್ಕೆ ತಿರುಗುವಾಗ ನಮಗೂ ಮೈ ಜುಮ್ಮೆಂದಿತ್ತು.

ಮೈದಾನವನ್ನು ಮೊದಲಿನಂತೆ ಮಾಡಿಕೊಡಿ, ಗೋಲ್ ಕಂಬಗಳನ್ನಾದರೂ ನೆಟ್ಟುಕೊಡಿ ಎಂದು ಮುಖ್ಯೋಪಾಧ್ಯಾಯರು ಅರ್ಜಿ ಬರೆದರು. ಕನ್ನಡದಲ್ಲಿ ಬರೆದುಕೊಟ್ಟವರು ನಾವೇ. ಏಳು ತಿಂಗಳ ನಂತರ ಉತ್ತರ ಬಂತು. ಹೆಲಿಪ್ಯಾಡ್ ನಿರ್ಮಾಣಕ್ಕೆ ಅನುದಾನವಿದೆ, ತೆರವಿಗೆ ಲೆಕ್ಕಶೀರ್ಷಿಕೆ ಇಲ್ಲವಾದ್ದರಿಂದ ಸದರಿ ಕೋರಿಕೆಯನ್ನು ಪರಿಗಣಿಸಲು ಸಾಧ್ಯವಿಲ್ಲವೆಂದು ಅದರಲ್ಲಿ ತಿಳಿಸಲಾಗಿತ್ತು. ಮುಖ್ಯೋಪಾಧ್ಯಾಯರು ಅದನ್ನು ಫೈಲಿಗೆ ಹಾಕಿದರು. ಮಕ್ಕಳು ಆ ಸುಣ್ಣದ ಗೆರೆಯನ್ನೇ ಕಬಡ್ಡಿಗೆ ಬಳಸಿಕೊಂಡರು, ಮುಂದಿನ ಮಳೆ ಬರುವವರೆಗೆ.